ಮೂವತ್ತನೆಯ ದಿನ

೧೦ ಡಿಸೆಂಬರ್ ೨೦೦೫, ಶನಿವಾರ ಮಧ್ಯಾಹ್ನ

ಪ್ರೀತಿಯ ದೆಜಿದ್ ಅಕ್ಕನಿಗೆ ನಿನ್ನ ಖಾಂಡ್ಮಾ ಮಾಡುವ ನಮಸ್ಕಾರಗಳು.

ಚಳಿಗಾಲ ನಿನ್ನನ್ನು ಹೆಚ್ಚು ಕಾಡದೆ ಸಾಗುತ್ತಿದೆಯೆಂದು ನಂಬಿದ್ದೇನೆ. ಮೊಣಕಾಲಿಗೆ ನಾನು ಕಳಿಸಿದ ಒಂಟೆ ಉಣ್ಣೆಯ ಪಟ್ಟಿ ಸುತ್ತಿಕೊಳ್ಳುತ್ತಿದ್ದೀಯೋ, ಇಲ್ಲ ಚೆಂದ ಕಾಣುವುದಿಲ್ಲವೆಂದು ಪೆಟ್ಟಿಗೆಯಲ್ಲಿ ಇಟ್ಟಿದ್ದೀಯೋ? ನಿನ್ನ ಎರಡು ಪತ್ರಗಳೂ ಬಂದಿವೆ. ಅಕ್ಟೋಬರಿನದಕ್ಕೇ ಉತ್ತರ ಬರೆದಿಲ್ಲ, ಅದರ ಮೇಲೆ ನವೆಂಬರಿನದೂ ಬಂದು ಕೂತಿದೆ. ಕೆಲಸ ಜಾಸ್ತಿಯಿತ್ತು ಅಂತ ಬರೆಯಬಹುದು, ನೀನು ನಂಬುವವಳಲ್ಲ. ಮೂರು ಸಲ ಹಾಳೆ ತೆಗೆದುಕೊಂಡು ಕೂತೆ, ಮೂರು ಸಲವೂ ಹಿಮ ಎಷ್ಟು ಬಿತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಬರೆದು ಎದ್ದುಬಿಟ್ಟೆ. ಮನಸ್ಸು ಸರಿಯಿಲ್ಲದಾಗ ನಾನು ಮನೆಗೆ ಗಾಳಿ ಹಿಮದ ವಿಷಯ ಬರೆಯುತ್ತೇನೆಂದು ಇರ್ಕುತ್ಸ್ಕಿನ ಹಾಸ್ಟೆಲ್ಲಿನಲ್ಲೇ ನೀನು ಕಂಡುಹಿಡಿದಿದ್ದೆಯಲ್ಲ.

ಫೋನು ಮಾಡಬಹುದಿತ್ತು ಅನ್ನುತ್ತೀಯ. ನಮ್ಮ ಕೋರ್ಟಿನ ಫೋನು ಪ್ರಾಂತ್ಯಾಧಿಕಾರಿಯ ಕಚೇರಿಯ ಮೂಲಕವೇ ಹೋಗಬೇಕು, ಅಲ್ಲಿ ಕೂತ ಹುಡುಗಿ ಸಂಪರ್ಕ ಕೊಟ್ಟಮೇಲೆ ಕಿವಿಯಿಂದ ಇಳಿಸುವುದೇ ಇಲ್ಲ. ಮೊಬೈಲಿಗೆ ಸಿಗ್ನಲ್ ಸಿಗುವುದು ಅಂಗಡಿ ಸಾಲಿನ ಎದುರು ದಿಬ್ಬದ ಮೇಲೆ. ಅಲ್ಲಿ ನಿಂತು ಮಾತಾಡಿದರೆ ಇಡೀ ಊರು ಸಾಮಾನು ಕೊಳ್ಳುವ ನೆಪದಲ್ಲಿ ಕೇಳಿಸಿಕೊಳ್ಳುತ್ತದೆ. ಈ ಪತ್ರವನ್ನು ನಾಳೆ ಬೆಳಿಗ್ಗೆ ಉಲಾನ್‌ಬಾತರಿಗೆ ಹೊರಡುವ ವ್ಯಾನಿನವನ ಕೈಯಲ್ಲಿ ಕೊಡುತ್ತೇನೆ. ಜೊತೆಗೆ ಒಂದು ಚೀಲ ಒಣಮೊಸರಿನ ಬಿಲ್ಲೆ ಇದೆ, ಅತ್ತೆಯ ಕೈಯದು. ಹಲ್ಲು ಜೋಪಾನ.

ಅತ್ತೆ ಗಟ್ಟಿಯಾಗಿದ್ದಾರೆ. ಎಂಬತ್ತಕ್ಕೆ ಎರಡೇ ವರ್ಷ ಕಡಿಮೆ, ಕಿವಿ ಮಂದ, ನಾಲಿಗೆ ಮೊದಲಿಗಿಂತ ಚುರುಕು. ಅವರ ಮಗ ತೀರಿಹೋಗಿ ಆರು ವರ್ಷವಾಯಿತು. ನಾವಿಬ್ಬರೇ ಹೆಂಗಸರು ಜಗಳವಾಡಿಕೊಂಡು ಬೆಚ್ಚಗಿದ್ದೇವೆ. ನಾನು ನ್ಯಾಯಾಧೀಶೆಯಾಗಿ ಒಂದೂವರೆ ವರ್ಷ ಕಳೆದರೂ ಅವರಿಗೆ ನನ್ನ ಕೆಲಸ ಏನೆಂದು ಒಪ್ಪಿಗೆಯಾಗಿಲ್ಲ. ಹೋದ ತಿಂಗಳು ನೆರೆಯವಳ ಮುಂದೆ ಹೇಳುತ್ತಿದ್ದರು: "ಇವಳ ಕೋರ್ಟಲ್ಲಿ ಕಳ್ಳರಿಲ್ಲ, ಕೊಲೆ ಮಾಡಿದೋರಿಲ್ಲ, ಗಂಡ ಬಿಟ್ಟೋರೂ ಬರಲ್ಲ. ಅದೆಂಥಾ ಕೋರ್ಟೋ ನಾ ಕಾಣೆ." ಸರ್ಕಾರದ ಅಧಿಕಾರಿಗಳ ಮೇಲೆ ಜನ ಹೂಡುವ ದಾವೆ ಕೇಳುವ ಕೋರ್ಟು ಎಂದು ನಾನು ನೂರಾ ಒಂದನೇ ಸಲ ಹೇಳಿದೆ. "ಅಧಿಕಾರಿಗಳ ಮನೇಲೇ ಕೂತ್ಕೊಂಡಾ?" ಅಂದರು.

ಅದೇನೂ ಸುಳ್ಳಲ್ಲ. ನಮಗೆ ಇನ್ನೂ ಸ್ವಂತ ಕಟ್ಟಡವಿಲ್ಲ. ಪ್ರಾಂತ್ಯಾಧಿಕಾರಿಯ ಕಚೇರಿಯ ಮೂರನೇ ಮಹಡಿಯಲ್ಲಿ ಮೂರು ಕೋಣೆ ಕೊಟ್ಟಿದ್ದಾರೆ. ಕೆಳಗೆ ಬಾಗಿಲಲ್ಲಿ ನಿಂತವನು ಅವರ ಕಾವಲುಗಾರ, ಗೋಡೆಯಲ್ಲಿ ಹರಿಯುವ ಬಿಸಿನೀರು ಅವರ ಕೊಳವೆಯದು. ನಮ್ಮೆದುರು ಪ್ರತಿವಾದಿಯಾಗಿ ನಿಲ್ಲುವವರೂ ಅವರೇ, ಅಥವಾ ಅವರ ಕೈಕೆಳಗಿನ ತಾಲ್ಲೂಕು ಅಧಿಕಾರಿಗಳು. ಬರುವ ಜನರಿಗೂ ಇದು ಹೊಸದು. ಅರ್ಜಿ ತೆರೆದು ನೋಡಿದರೆ ದಾವೆಯೇ ಇರುವುದಿಲ್ಲ, ಹಿಂದಿನ ಏಕಪಕ್ಷದ ಕಾಲದಲ್ಲಿ ಪಕ್ಷದ ಸಮಿತಿಗೆ ಬರೆಯುತ್ತಿದ್ದ ಹಾಗೆ ನಮ್ಮ ಅಧಿಕಾರಿಗೆ ಸ್ವಲ್ಪ ಬುದ್ಧಿ ಹೇಳಿ ಎಂದು ಬರೆದಿರುತ್ತಾರೆ. ನಾವು ಬುದ್ಧಿ ಹೇಳುವವರಲ್ಲ, ಆದೇಶವನ್ನೇ ರದ್ದು ಮಾಡಬಲ್ಲವರು ಎಂದರೆ ನಂಬುವುದಿಲ್ಲ. ನಗುತ್ತಾರೆ, ಪಾಪ.

ನವೆಂಬರಿನಲ್ಲಿ ಪ್ರಾಂತ್ಯಾಧಿಕಾರಿಯ ಕಚೇರಿ ನೋಡಿಕೊಳ್ಳುವ ಲೊದೊಯ್ ಒಮ್ಮೆ ನನ್ನ ಕೋಣೆಗೆ ಬಂದು ಕೂತಿದ್ದ. ನಿನಗೆ ಗೊತ್ತಲ್ಲ, ಯುವ ಸಂಘದ ಕಾರ್ಯದರ್ಶಿಯಾಗಿದ್ದಾಗಿನಿಂದ ಅವನು ಬೆದರಿಸುವುದೂ ವಿಚಾರಿಸಿಕೊಳ್ಳುವುದೂ ಒಂದೇ ದನಿಯಲ್ಲಿ. ಅತ್ತೆಯ ಆರೋಗ್ಯ ಕೇಳಿದ, ಕೊಳವೆಗಳು ಹಳೆಯವು, ಮೂರನೇ ಮಹಡಿಗೆ ಈ ಚಳಿಗಾಲ ಬಿಸಿನೀರು ಹತ್ತುತ್ತದೋ ಇಲ್ಲವೋ ಎಂದು ಮರುಗಿದ. ಹೋಗುವಾಗ, ಶಾರ್ ಖುದಗ್ ತಾಲ್ಲೂಕಿನಲ್ಲಿ ಗಣಿಯವರು ಶಾಲೆಗೆ ಚಾವಣಿ ಹಾಕಿಸಿಕೊಡುತ್ತಿದ್ದಾರೆ, ಆ ಕಡೆಯಿಂದ ಯಾರಾದರೂ ತಂಟೆ ತಂದರೆ ಊರಿಗೇ ನಷ್ಟ ಎಂದ. ನಾನು ಕೇಳಿಸದವಳಂತೆ ಕಡತ ತಿರುವುತ್ತಿದ್ದೆ. ಅವನು ಹೋದಮೇಲೆ ಕೊಳವೆ ಮುಟ್ಟಿ ನೋಡಿದೆ, ಬಿಸಿಯಾಗಿಯೇ ಇತ್ತು. ದಿನಕ್ಕೆ ಹತ್ತು ಸಲ ಮುಟ್ಟಿ ನೋಡುವ ಚಾಳಿ ಅವತ್ತಿನಿಂದ ಅಂಟಿಕೊಂಡಿದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಅಕ್ಷರ ಸೊಟ್ಟಗಾದರೆ ಕ್ಷಮಿಸು.

ಶಾರ್ ಖುದಗಿನಲ್ಲಿ ಗೊಂಗೊರ್ ಎನ್ನುವ ಕುರಿಗಾಹಿ ಇದ್ದಾರೆ, ಅರವತ್ತೆಂಟು ವರ್ಷ. ಅವರ ಚಳಿಗಾಲದ ಬೀಡು ಒಂದು ಗುಡ್ಡದ ದಕ್ಷಿಣದ ಮಡಿಲಲ್ಲಿದೆ. ಅವರಪ್ಪ ಕಟ್ಟಿದ ಕಲ್ಲಿನ ದೊಡ್ಡಿ, ಒಳಗೆ ಅರವತ್ತು ವರ್ಷದ ಹಿಕ್ಕೆ ಒಂದರ ಮೇಲೊಂದು ಕೂತು ಮೊಣಕಾಲೆತ್ತರದ ಒಣ ಹಾಸಾಗಿದೆ. ಅದರ ಮೇಲೆ ಮಲಗಿದ ಕುರಿ ಮೈನಸ್ ನಲವತ್ತರಲ್ಲೂ ಸಾಯುವುದಿಲ್ಲ. ಸೆಪ್ಟೆಂಬರಿನಲ್ಲಿ ತಾಲ್ಲೂಕು ಅಧಿಕಾರಿ ಒಂದು ಆದೇಶ ಬರೆದು ಆ ಬೀಡನ್ನು ಗಣಿಯವರಿಗೆ ಕೊಟ್ಟ. ಬದಲಿಗೆ ನಾಲ್ಕು ಮೈಲಿ ಆಚೆ ಬಯಲಲ್ಲಿ ಜಾಗ ತೋರಿಸಿದ. ಬಯಲಲ್ಲಿ ಹಾಸು ಎಲ್ಲಿಂದ ಬರಬೇಕು? ಗೊಂಗೊರ್ ಈಗ ಮುನ್ನೂರು ಕುರಿ ಮೇಕೆಗಳನ್ನು ತಮ್ಮನ ದೊಡ್ಡಿಯ ಗೋಡೆಗೆ ಒತ್ತಿ ನಿಲ್ಲಿಸಿಕೊಂಡಿದ್ದಾರೆ. ಫೆಬ್ರವರಿಯಲ್ಲಿ ಮರಿ ಹಾಕುವ ಹೊತ್ತಿಗೆ ಬೀಡು ಕೈಗೆ ಬರದಿದ್ದರೆ ಮಂದೆಯಲ್ಲಿ ಅರ್ಧ ಉಳಿಯುವುದಿಲ್ಲ. ಅದು ಅವರಿಗೆ ಗೊತ್ತು, ಅಧಿಕಾರಿಗೂ ಗೊತ್ತು.

ಕಾನೂನು ಹೇಳಿದ ಹಾಗೆಯೇ ಅವರು ಮೊದಲು ಮೇಲಿನವರಿಗೆ, ಅಂದರೆ ಪ್ರಾಂತ್ಯಾಧಿಕಾರಿಗೆ, ದೂರು ಕೊಟ್ಟಿದ್ದಾರೆ. ಆಗುವುದಿಲ್ಲ ಎಂಬ ಉತ್ತರ ಅಕ್ಟೋಬರ್ ಹತ್ತೊಂಬತ್ತಕ್ಕೆ ಕೈ ಸೇರಿದೆ. ಅಲ್ಲಿಂದ ಮೂವತ್ತು ದಿನದೊಳಗೆ ನಮ್ಮಲ್ಲಿಗೆ ಬರಬೇಕು. ನವೆಂಬರ್ ಹದಿನೆಂಟು, ಶುಕ್ರವಾರ, ಮೂವತ್ತನೆಯ ದಿನ. ಆ ಶುಕ್ರವಾರವೇ ಅವರು ಬಂದರು. ನೂರಿಪ್ಪತ್ತು ಕಿಲೋಮೀಟರು ಮೋಟಾರ್ ಸೈಕಲ್ಲಿನಲ್ಲಿ ಬಂದು ನಾಲ್ಕೂವರೆಗೆ ಕಚೇರಿಯ ಬಾಗಿಲಲ್ಲಿ ನಿಂತರು. ಕಾವಲುಗಾರ ಪುಸ್ತಕದಲ್ಲಿ ಹೆಸರು ಬರೆಸಿಕೊಂಡು, ಅಹವಾಲು ಕೇಳುವ ದಿನ ಮಂಗಳವಾರ, ಇವತ್ತು ಹೋಗಿ ಅಂದ. ಅದು ಪ್ರಾಂತ್ಯಾಧಿಕಾರಿಯ ಅಹವಾಲು ದಿನ. ಕೋರ್ಟಿನ ಕಿಟಕಿಗೆ ಅಂಥ ದಿನವಿಲ್ಲವೆಂದು ಆ ಮಹಾರಾಯನಿಗೆ ಎಷ್ಟು ಸಲ ಹೇಳಿದ್ದೇವೋ.

ಪೇಟೆಯವನಾಗಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದ. ಇವರು ಬಯಲಿನವರು. ನ್ಯಾಯಾಧೀಶರ ಮನೆ ಯಾವುದು ಎಂದು ಕೇಳಿಕೊಂಡು ನೇರವಾಗಿ ನಮ್ಮ ಮನೆಗೆ ಬಂದರು. ದೂರದಿಂದ ಬಂದವನು ಮೊದಲು ಒಂದು ಒಲೆಯ ಪಕ್ಕ ಕೂರಬೇಕು, ಎರಡು ಬಟ್ಟಲು ಚಹಾ ಆದಮೇಲೆ ಬಂದ ಕೆಲಸ ಹೇಳಬೇಕು, ಅವರಿಗೆ ಗೊತ್ತಿರುವುದು ಅಷ್ಟು. ನಾನು ಆಗ ತಾನೇ ಮನೆಗೆ ಬಂದು ಬೂಟು ಕಳಚುತ್ತಿದ್ದೆ. ಐದೂಕಾಲು ಇರಬೇಕು. ಅತ್ತೆ ಬಾಗಿಲು ತೆಗೆದು, ಮೀಸೆಗೆ ಮಂಜು ಕಟ್ಟಿದ ಮುದುಕರನ್ನು ನೋಡಿದ್ದೇ ತಡ, ಒಳಗೆ ಕರೆದು ಹಿರಿಯರು ಕೂರುವ ಮೇಲಿನ ಜಾಗದಲ್ಲಿ ಕೂರಿಸಿಬಿಟ್ಟರು. ಯಾರು, ಏನು, ಕೇಳಲಿಲ್ಲ. ಹಾಗೆ ಕೇಳುವುದು ಅವರ ಪ್ರಕಾರ ಅಸಭ್ಯ.

ಉಪ್ಪು ಚಹಾ ಕುಡಿಯುತ್ತ ಮಾತು ಬೆಳೆಯಿತು. ಅತ್ತೆಯ ತವರಿನ ಬಾವಿಯಲ್ಲೇ ಇವರ ಅಜ್ಜನ ಒಂಟೆಗಳೂ ನೀರು ಕುಡಿದಿದ್ದವಂತೆ. ಅತ್ತೆಗೆ ಹದಿನಾರು ವರ್ಷದ ಪ್ರಾಯ ಮರಳಿತು. ನಾನು ಮೂಲೆಯಲ್ಲಿ ಮುಳ್ಳಿನ ಮೇಲೆ ಕೂತವಳ ಹಾಗೆ ಕೂತಿದ್ದೆ. ಶಾರ್ ಖುದಗ್ ಎನ್ನುವ ಹೆಸರು ಕಿವಿಗೆ ಬಿದ್ದಾಗಲೇ ಇದು ನೆಂಟಸ್ತನದ ಭೇಟಿಯಲ್ಲ ಎಂದು ಗೊತ್ತಾಗಿತ್ತು. ಎರಡನೇ ಬಟ್ಟಲು ಬರಿದಾದ ಮೇಲೆ ಅವರು ತೊಟ್ಟಿದ್ದ ದೇಲು ನಿಲುವಂಗಿಯ ಎದೆಗೆ ಕೈ ಹಾಕಿ, ಮಡಿಸಿದ ನೀಲಿ ರೇಷ್ಮೆ ಶಾಲು ತೆಗೆದು, ಅದರ ಮೇಲೆ ಕಾಗದಗಳನ್ನಿಟ್ಟು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು. ದೇವರಿಗೆ ಹಿಡಿದ ಹಾಗೆ.

ನಾನು ತೆಗೆದುಕೊಳ್ಳಲಿಲ್ಲ, ಅಕ್ಕ. ತರಬೇತಿಯಲ್ಲಿ ನೀನು ಹೇಳಿದ್ದು ಕಿವಿಯಲ್ಲೇ ಇತ್ತು: "ಕಾಗದ ಕಚೇರಿಯ ಕಿಟಕಿಯಿಂದ ಬರಬೇಕು. ಅಡುಗೆಮನೆ ಬಾಗಿಲಿಂದ ಬಂತು ಅಂದ್ರೆ ನೀವಿನ್ನೂ ಪಕ್ಷದ ಸಮಿತಿಯೇ." ಜರ್ಮನಿಯಿಂದ ಬಂದ ಪಂಡಿತರು ಎರಡು ವಾರ ಹೇಳಿದ್ದಕ್ಕಿಂತ ಆ ಒಂದು ಮಾತು ನಮಗೆಲ್ಲ ಅರ್ಥವಾಗಿತ್ತು. ಕಾಗದದ ಕಡೆ ಕಣ್ಣೂ ಹಾಯಿಸಲಿಲ್ಲ. ಸೋಮವಾರ ಕಚೇರಿಗೆ ತನ್ನಿ, ಮೂರನೇ ಮಹಡಿಯ ಕಿಟಕಿಯಲ್ಲಿ ಕೊಡಿ, ಚೀಟಿ ಕೊಡುತ್ತಾರೆ ಎಂದೆ. ಮುದುಕರ ಕೈಗಳು ಸ್ವಲ್ಪ ಹೊತ್ತು ಹಾಗೇ ಇದ್ದವು. ಆಮೇಲೆ ಶಾಲು ಮಡಿಸಿ ಎದೆಗಿಟ್ಟುಕೊಂಡು, ಚಹಾಕ್ಕೆ ಋಣಿ ಎಂದು ಹೇಳಿ ಹೊರಟರು. ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೇ ದಿನ ಬಾಯಿಬಿಟ್ಟದ್ದು ಇಷ್ಟಕ್ಕೆ: "ಚಾಚಿದ ಕೈ ಹಾಗೇ ಬಿಡೋಳು ನನ್ನ ಮನೇಲಿ ಇದಾಳೆ ಅಂತ ಗೊತ್ತಿರಲಿಲ್ಲ."

ಸೋಮವಾರ ಅವರು ಕಿಟಕಿಯಲ್ಲಿ ಅರ್ಜಿ ಕೊಟ್ಟರು. ಮುದ್ರೆ ಬಿತ್ತು, ನವೆಂಬರ್ ಇಪ್ಪತ್ತೊಂದು. ಮೂರು ದಿನ ತಡ.

ತಾಲ್ಲೂಕು ಅಧಿಕಾರಿಯ ವಕೀಲ ಬೇರೇನೂ ವಾದ ಹೂಡಲಿಲ್ಲ. ಆದೇಶ ಸರಿಯೋ ತಪ್ಪೋ ಅವನು ಎತ್ತಲೇ ಇಲ್ಲ. ಅವಧಿ ಮೀರಿದೆ, ವಜಾ ಮಾಡಿ, ಅಷ್ಟೇ. ಮೊನ್ನೆ ಗುರುವಾರ ಆ ಒಂದು ಪ್ರಶ್ನೆಯ ಮೇಲೆ ವಿಚಾರಣೆ ಇಟ್ಟೆವು. ನಾವು ಮೂವರೇ ನ್ಯಾಯಾಧೀಶರು: ನಮ್ಮ ಮುಖ್ಯಸ್ಥ ಶಿರ್ಚಿನ್, ಹೊಸಬ ತುಮೆನ್, ನಾನು. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಅವಧಿಯನ್ನು ಮತ್ತೆ ತೆರೆಯಬಹುದು. ಹಾಗಾಗಿ ಶಿರ್ಚಿನ್ ಮೆತ್ತಗೆ, ಮಕ್ಕಳನ್ನು ಕೇಳುವ ಹಾಗೆ, ಯಾಕೆ ತಡವಾಯಿತು ಎಂದು ಕೇಳಿದರು. ಗೊಂಗೊರ್ ನೆಲ ನೋಡುತ್ತ, ಮೋಟಾರ್ ಸೈಕಲ್ ಕೆಟ್ಟಿತ್ತು ಅಂದರು.

ಅವರು ಸುಳ್ಳು ಹೇಳಿ ಅಭ್ಯಾಸವಿಲ್ಲದವರೆಂದು ಕೂತಿದ್ದ ಪ್ರತಿಯೊಬ್ಬರಿಗೂ ತಿಳಿಯಿತು. ವಕೀಲ ಕಾವಲುಗಾರನ ಪುಸ್ತಕ ತೆರೆದ. ಶುಕ್ರವಾರ ನಾಲ್ಕೂವರೆಗೆ ಅವರದೇ ಹೆಸರು, ಅವರದೇ ಸಹಿ.

"ಶುಕ್ರವಾರ ಊರಲ್ಲೇ ಇದ್ರಲ್ಲ ಯಜಮಾನ್ರೇ. ಇಲ್ಲಿಂದ ಎಲ್ಲಿಗೆ ಹೋದ್ರಿ?"

"ಚಹಾ ಕುಡಿಯೋಕೆ."

"ಎಲ್ಲಿ?"

"ಒಬ್ಬರ ಮನೇಲಿ."

"ಯಾರ ಮನೇಲಿ?"

ಗೊಂಗೊರ್ ಟೋಪಿಯನ್ನು ಒಂದು ಸುತ್ತು ತಿರುಗಿಸಿದರು. ನನ್ನ ಕಡೆ ನೋಡಲಿಲ್ಲ. ನೋಡದೆ ಇರಲು ಎಷ್ಟು ಕಷ್ಟಪಟ್ಟರೆಂದು ಬಲ್ಲವಳು ನಾನೊಬ್ಬಳೇ. "ಚಹಾ ಕೊಟ್ಟ ಮನೆ ಹೆಸರನ್ನ ಜಗಳದಲ್ಲಿ ಎಳೆಯೋದು ನಮ್ಮ ಕಡೆ ಇಲ್ಲಪ್ಪ," ಅಂದರು.

"ಸೋಮವಾರದವರೆಗೂ ಚಹಾನೇ ಕುಡಿದ್ರಾ?"

"ಚಹಾ ಚೆನ್ನಾಗಿತ್ತು."

ಕೂತಿದ್ದವರು ನಕ್ಕರು. ತುಮೆನ್ ಕೂಡ ನಕ್ಕ.  ಈಗ ಹೇಳಬೇಕು, ಈಗ ಹೇಳಬೇಕು ಎಂದು ಮನಸ್ಸಿನಲ್ಲೇ ಎದ್ದು ನಿಂತೆ, ಮೈ ಏಳಲಿಲ್ಲ. ಶಿರ್ಚಿನ್ ಆದೇಶವನ್ನು ಸೋಮವಾರಕ್ಕೆ ಇಟ್ಟು ಮುಗಿಸಿದರು. ಮೆಟ್ಟಿಲ ಮೇಲೆ ಗೊಂಗೊರ್ ಎದುರಾದರು. ಕಕ್ಷಿದಾರನೊಡನೆ ಮಾತಾಡಕೂಡದೆಂದು ತಲೆ ತಗ್ಗಿಸಿದೆ. ಅವರೇ ಮೆಲ್ಲಗೆ, "ಅಮ್ಮ ಚೆನ್ನಾಗಿದಾರಾ?" ಅಂತ ಅತ್ತೆಯನ್ನು ವಿಚಾರಿಸಿ ಇಳಿದುಹೋದರು. ನಾನು ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಎಷ್ಟು ವರ್ಷದ ಮೇಲೆ ಅಳು ಬಂತೋ.

ನಿನ್ನೆ ಶಿರ್ಚಿನ್ ಅವರ ಕೋಣೆಗೆ ಹೋಗಿ, ಮುದುಕರು ಚಹಾ ಕುಡಿದದ್ದು ನಮ್ಮ ಮನೆಯಲ್ಲಿ ಎಂದು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಬಹಳ ಹೊತ್ತು ಕಣ್ಣು ಉಜ್ಜಿಕೊಂಡರು. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ, ಅದೇ ಕಷ್ಟವಾಯಿತು. ಇದು ಹೊರಬಿದ್ದರೆ ಏನಾಗುತ್ತದೆಂದು ಒಂದೊಂದಾಗಿ ಬಿಡಿಸಿ ಹೇಳಿದರು. ನಾನು ಈ ಪ್ರಕರಣದಿಂದ ಇಳಿಯಬೇಕು, ಸಾಕ್ಷಿಯಾಗಬೇಕು, ಪಕ್ಕದ ಪ್ರಾಂತ್ಯದಿಂದ ನ್ಯಾಯಾಧೀಶರು ಬರಬೇಕು. ಲೊದೊಯ್ ಒಂದೇ ದಿನದಲ್ಲಿ ಪತ್ರಿಕೆಯವರನ್ನು ಕರೆಸುತ್ತಾನೆ: ನೋಡಿ, ನಿಮ್ಮ ಹೊಸ ಕೋರ್ಟು, ದಾವೆ ಹೂಡುವವರು ನ್ಯಾಯಾಧೀಶೆಯ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾರೆ. ರಾಜಧಾನಿಯಲ್ಲಿ ಈ ಕೋರ್ಟುಗಳೇ ಬೇಡ ಅನ್ನುವವರು ಕಾಯುತ್ತಲೇ ಇದ್ದಾರೆ.

"ಮುದುಕ ಬಾಯಿ ಬಿಟ್ಟಿಲ್ಲ," ಅಂದರು ಶಿರ್ಚಿನ್. "ಬಿಡೋದೂ ಇಲ್ಲ. ಕೋರ್ಟು ಉಳಿದ್ರೆ ನಾಳೆ ನೂರು ಜನಕ್ಕೆ ಆಗತ್ತೆ."

"ಅವರ ಮಂದೆ ಈ ಫೆಬ್ರವರಿಗೇ ಹೋಗತ್ತೆ," ಅಂದೆ.

ಅವರು ಎದ್ದು ಬಾಗಿಲು ಹಾಕಿ ಬಂದರು. ಆಮೇಲೆ ನೇರವಾಗಿ ಕೇಳಿದರು: "ನೀನು ಆ ಕಾಗದ ನೋಡಿದ್ದಾ? ದಿನ ತುಂಬೋದು ಗೊತ್ತಿತ್ತಾ?"

"ಇಲ್ಲ," ಅಂದೆ.

ಶಿರ್ಚಿನ್ ತಲೆದೂಗಿದರು. ನೋಡಿರದಿದ್ದರೆ ಬಾಗಿಲು ತಪ್ಪಿ ಬಂದ ಮುದುಕ, ನಾನು ಸರಿಯಾದ ಬಾಗಿಲು ತೋರಿಸಿದೆ, ಅವಧಿ ತೆರೆಯುವುದು ಬಿಡುವುದು ಕೂತವರ ಮನಸ್ಸು, ಹೆಚ್ಚು ಆಸೆ ಬೇಡ ಅಂದರು. ನೋಡಿ ವಾಪಸು ಕಳಿಸಿದ್ದರೆ ಮಾತ್ರ ತಪ್ಪು ಕೋರ್ಟಿನದೇ ಆಗುತ್ತಿತ್ತು, ಆಗ ಯಾವ ನ್ಯಾಯಾಧೀಶನೂ ಅವಧಿ ತೆರೆಯದೆ ಇರಲಾರ. "ನೋಡಿಲ್ಲವಲ್ಲ, ಒಳ್ಳೇದಾಯ್ತು ನಿನಗೆ. ಸೋಮವಾರದವರೆಗೆ ಯೋಚನೆ ಮಾಡು," ಎಂದು ಕನ್ನಡಕ ಹಾಕಿಕೊಂಡರು.

ಯೋಚನೆ ಮಾಡಿದೆ, ಅಕ್ಕ. ಇವತ್ತು ಬೆಳಿಗ್ಗೆ ಅತ್ತೆಯ ಚಹಾ ಆದಮೇಲೆ ಕೂತು ಹೇಳಿಕೆ ಬರೆದುಬಿಟ್ಟೆ. ಹತ್ತೇ ಸಾಲು. ನವೆಂಬರ್ ಹದಿನೆಂಟರ ಸಂಜೆ ಅರ್ಜಿದಾರರು ನನ್ನ ಮನೆಗೆ ಬಂದಿದ್ದರು, ಅರ್ಜಿ ಕೊಡಲು ಬಂದರು, ನಾನು ಕಾಗದವನ್ನು ನೋಡಲಿಲ್ಲ, ತೆಗೆದುಕೊಳ್ಳದೆ ಸೋಮವಾರ ಬನ್ನಿ ಎಂದೆ, ಆದ್ದರಿಂದ ಈ ಪ್ರಕರಣದಿಂದ ಇಳಿಯುತ್ತೇನೆ, ಸಾಕ್ಷಿ ಹೇಳಲು ಸಿದ್ಧಳಿದ್ದೇನೆ. ಸಹಿಯನ್ನೂ ಹಾಕಿದೆ. ಸೋಮವಾರ ಒಂಬತ್ತಕ್ಕೆ ಶಿರ್ಚಿನ್ ಕೈಗೆ ಕೊಡುತ್ತೇನೆ. ಪತ್ರಿಕೆಯವರು ಬರಲಿ, ಲೊದೊಯ್ ಕೊಳವೆ ಮುಚ್ಚಲಿ, ಕೋಟು ಹಾಕಿಕೊಂಡು ಕೂರುತ್ತೇವೆ. ನನ್ನನ್ನೇ ಮನೆಗೆ ಕಳಿಸಿದರೆ ಅತ್ತೆಯ ಜೊತೆ ಮೊಸರು ಒಣಗಿಸುತ್ತೇನೆ. ನಿನ್ನ ಶಿಷ್ಯೆ ಅಷ್ಟೇನೂ ಹೇಡಿಯಲ್ಲ ಎಂದು ನಿನಗೆ ಅನಿಸಿದರೆ ನನಗೆ ಅಷ್ಟು ಸಾಕು.

ಒಂದು ಮಾತು. ನಿನ್ನ ಆ ನಿಯಮದಿಂದಲೇ ಹೀಗಾಯಿತು ಎಂದು ನೀನು ಕೊರಗಕೂಡದು. ನಿನ್ನ ಸ್ವಭಾವ ನನಗೆ ಗೊತ್ತು, ಈ ಪತ್ರ ಓದಿ ಮೂರು ದಿನ ಊಟ ಬಿಡುತ್ತೀಯ. ನಿಯಮ ಸರಿಯಾಗಿಯೇ ಇತ್ತು.

ಬಿಳಿ ತಿಂಗಳ ಹೊಸವರ್ಷದ ಹಬ್ಬಕ್ಕೆ ಬರಲು ಆಗುತ್ತದೋ ಇಲ್ಲವೋ ಈಗ ಹೇಳಲಾರೆ. ಬಂದರೆ ಮೊದಲು ನಿನ್ನ ತೋಳಿಗೆ ತೋಳು ಕೊಟ್ಟು ನಮಸ್ಕರಿಸಿ ಆಮೇಲೆ ಬೇರೆಯವರು. ಮೊಮ್ಮಗಳ ಮೊದಲ ಕೂದಲು ಕತ್ತರಿಸುವ ಶಾಸ್ತ್ರಕ್ಕೆ ನಾನಿಲ್ಲದಿದ್ದರೂ ನನ್ನ ಪಾಲಿನ ಒಂದು ಎಳೆ ಬಿಟ್ಟಿರು. ಮಗು ನೂರು ವರ್ಷ ಬಾಳಲಿ, ನಿನ್ನ ಮೊಣಕಾಲು ಮೆಟ್ಟಿಲು ಹತ್ತುವಂತಾಗಲಿ, ನಿನ್ನ ಒಲೆ ಆರದಿರಲಿ. ಹಿರಿಯಳಾದ ನಿನ್ನ ಆಶೀರ್ವಾದ ಸೋಮವಾರದ ಮಟ್ಟಿಗೆ ನನ್ನ ಮೇಲಿರಲಿ.

ನಿನ್ನ ತಂಗಿ,
ಖಾಂಡ್ಮಾ

ತಾ.ಕ. — ಲಕೋಟೆಗೆ ಗೋಂದು ಹಚ್ಚಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಶಿರ್ಚಿನ್‌ಗೂ ಅದನ್ನೇ ಹೇಳಿದೆ, ಹೇಳಿಕೆಯಲ್ಲೂ ಅದನ್ನೇ ಬರೆದಿದ್ದೇನೆ: "ನಾನು ಕಾಗದವನ್ನು ನೋಡಲಿಲ್ಲ."

ನೋಡಿದೆ, ಅಕ್ಕ. ಅತ್ತೆ ಮುದುಕರಿಗೆ ಕಟ್ಟಿಕೊಡಲು ಒಣಮೊಸರು ತರುತ್ತೇನೆಂದು ಒಳಗೆ ಹೋಗಿದ್ದರು. ಮೇಲೆಯೇ ಇತ್ತು ಪ್ರಾಂತ್ಯಾಧಿಕಾರಿಯ ಉತ್ತರ, ತಲುಪಿದ ತಾರೀಕು ಮುದ್ರೆ ಸಮೇತ. ನನ್ನ ಕಣ್ಣಿಗೆ ಅಭ್ಯಾಸ, ಲೆಕ್ಕ ತಾನಾಗಿ ಆಯಿತು. ಅವರೂ ಕೇಳಿದರು: "ಇವತ್ತೇ ಕೊನೇ ದಿನ ಅಂತ ನಮ್ಮ ಶಾಲೆ ಮೇಷ್ಟ್ರು ಅಂದ್ರು. ಹೌದಾ ತಾಯಿ?" ಆಗ ಐದೂಮುಕ್ಕಾಲು. ನಮ್ಮ ಗುಮಾಸ್ತೆ ಶುಕ್ರವಾರ ಆರೂವರೆವರೆಗೆ ಇರುತ್ತಾಳೆ, ನಡೆದರೆ ಹತ್ತು ನಿಮಿಷದ ದಾರಿ. ಆದರೆ ಲೊದೊಯ್ ನನ್ನ ಕೋಣೆಗೆ ಬಂದು ಕೂತಿದ್ದೂ ಆ ಶುಕ್ರವಾರವೇ, ಮಧ್ಯಾಹ್ನ ಮೂರಕ್ಕೆ. ನಾನು ಹೇಳಿದೆ: "ಸೋಮವಾರ ಬನ್ನಿ. ಏನೂ ಆಗಲ್ಲ."

ಅವರು ನಂಬಿದರು. ಬಾಗಿಲು ಹಾಕಿದ ಮೇಲೆ ನನಗೆ ಹಾಯೆನಿಸಿತು, ಇನ್ನು ಈ ದಾವೆ ನಮ್ಮಲ್ಲಿಗೆ ಬರುವುದಿಲ್ಲ ಎಂದು. ನಿನ್ನ ನಿಯಮ ನೆನಪಾದದ್ದು ಅದಾದ ಮೇಲೆ.

ಸೋಮವಾರ ಶಿರ್ಚಿನ್ ಆ ಹೇಳಿಕೆಯನ್ನು ಎಲ್ಲರೆದುರು ಓದುತ್ತಾರೆ. ಇದು ನಿಜವೇ ಎಂದು ಗೊಂಗೊರ್ ಅವರನ್ನು ಕೇಳುತ್ತಾರೆ. ಆ ಸಂಜೆ ನಾನು ಓದಿ ಮುಗಿಸುವವರೆಗೆ ಕಾಗದ ಹಿಡಿದು ನಿಂತವರು ಅವರು. ನನಗೆ ಗೊತ್ತು, ನಿಜ ಎಂದೇ ಹೇಳುತ್ತಾರೆ.